ಕಾಗಿಣಾ ಸೀಮೆಯಿಂದ ಅಲರ್ಜಿಯ ಚರಿತ್ರೆ

ಅಲರ್ಜಿಯ ಚರಿತ್ರೆ ಬರೆದವರು ಬಹುಮಟ್ಟಿಗೆ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಒಂದೇ ಪಂಕ್ತಿಯಲ್ಲಿ ಕೂತು ಉಂಡದ್ದು ಹತ್ತು ಮಂದಿಗೆ ಅರಗುತ್ತದೆ, ಹನ್ನೊಂದನೆಯವನಿಗೆ ಮಾತ್ರ ಮೈತುಂಬ ಗಂಧೆ ಏಳುತ್ತದೆ, ಇವನಿಗೇ ಏಕೆ? ಹಿಪ್ಪೊಕ್ರಾಟಿಸನ ಹೆಸರಿನಲ್ಲಿ ಉಳಿದು ಬಂದ ಗ್ರೀಕ್ ವೈದ್ಯಗ್ರಂಥವೊಂದು ಚೀಸನ್ನು ಉದಾಹರಿಸಿ, ಅದನ್ನು ಹೊಟ್ಟೆತುಂಬ ತಿಂದು ಚೆನ್ನಾಗಿರುವವರೂ ಇದ್ದಾರೆ, ತಿಂದು ಕಂಗಾಲಾಗುವವರೂ ಇದ್ದಾರೆ ಎಂದು ಈ ಪ್ರಶ್ನೆಯನ್ನು ಎತ್ತಿತು. ನಮ್ಮ ಚರಕ ಸಂಹಿತೆ ಸಾತ್ಮ್ಯ, ಅಸಾತ್ಮ್ಯ, ಅಂದರೆ ಮೈಗೆ ಒಗ್ಗುವುದು, ಒಗ್ಗದಿರುವುದು ಎಂಬ ವಿಚಾರದ ಮೂಲಕ ಅದನ್ನೇ ಇನ್ನಷ್ಟು ವಿಸ್ತಾರವಾಗಿ ಬೆಳೆಸಿತು. ಪ್ರಶ್ನೆ ಒಳ್ಳೆಯದೇ, ಎರಡು ಸಾವಿರ ವರ್ಷಗಳ ವಿಜ್ಞಾನ ಅದರಿಂದ ಹುಟ್ಟಿದೆ. ಆದರೆ ಕಲಬುರಗಿಯ ಕಾಗಿಣಾ ನದಿಯ ಸೀಮೆಯಲ್ಲಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ನಿಂತು ನೋಡಿದರೆ ಇದೊಂದೇ ಪ್ರಶ್ನೆ ಸಾಲದು. ಸಿಮೆಂಟು ಕಲಸುವ ಕೈಗಳು ಸಾಲುಸಾಲಾಗಿ ಬಿರಿಯುವಾಗ, ಕಾಂಗ್ರೆಸ್ ಕಸ ಕಿತ್ತ ರೈತರ ಕಣ್ಣರೆಪ್ಪೆ ಊದಿಕೊಳ್ಳುವಾಗ, 'ಇವನಿಗೇ ಏಕೆ' ಎನ್ನುವುದಕ್ಕಿಂತ ಮೊದಲು 'ಇಲ್ಲೇ ಏಕೆ' ಎಂದು ಕೇಳಬೇಕಾಗುತ್ತದೆ. ಮೊದಲ ಪ್ರಶ್ನೆಯೊಂದಕ್ಕೇ ಅಂಟಿಕೊಂಡದ್ದರಿಂದ ನಾವು ರೋಗಿಯ ಮೈಯಲ್ಲೇ ದೋಷ ಹುಡುಕುವ ರೂಢಿಗೆ ಬಿದ್ದಿದ್ದೇವೆ. ಎರಡನೆಯ ಪ್ರಶ್ನೆಗೆ ನಮ್ಮ ಪರಂಪರೆಯಲ್ಲೂ ಆಧುನಿಕ ವೈದ್ಯದಲ್ಲೂ ಗಟ್ಟಿ ಆಧಾರವಿದೆ. ಈ ಸೀಮೆಯ ಮಟ್ಟಿಗೆ ಚಿಕಿತ್ಸೆ ಅಲ್ಲಿಂದಲೇ ಶುರುವಾಗಬೇಕು. ಈ ಉಪನ್ಯಾಸದಲ್ಲಿ ನಾನು ಮಂಡಿಸುವ ವಾದ ಇಷ್ಟೇ.

ಹಳೆಯ ಆಧಾರಗಳಿಂದ ಆರಂಭಿಸೋಣ. ಇಂದು ನಾವು ಅಲರ್ಜಿ ಎಂದು ಗುರುತಿಸುವ ಲಕ್ಷಣಗಳು ಆಯುರ್ವೇದದಲ್ಲಿ ಒಂದೇ ಹೆಸರಿನಡಿ ಇಲ್ಲ, ಚೆದುರಿ ಹೋಗಿವೆ. ತಮಕ ಶ್ವಾಸದ ವರ್ಣನೆ ಇಂದಿನ ದಮ್ಮಿಗೆ ಬಹಳ ಹತ್ತಿರ: ರಾತ್ರಿ ಮಲಗಲಾಗದೆ ಎದ್ದು ಕೂರುವುದು, ಕೂತಾಗ ಕೊಂಚ ಹಗುರಾಗುವುದು, ಮೋಡ ಕವಿದಾಗ ಉಲ್ಬಣಿಸುವುದು. ಶ್ವಾಸರೋಗಗಳ ಕಾರಣ ಹೇಳುವಾಗ ಚರಕ ಸಂಹಿತೆ ಧೂಳನ್ನೂ ಹೊಗೆಯನ್ನೂ ಮುಂದಿನ ಸಾಲಿನಲ್ಲೇ ಇಡುತ್ತದೆ. ಮಾಧವನಿದಾನ ಶೀತಪಿತ್ತ, ಉದರ್ದ, ಕೋಠಗಳನ್ನು ಬೇರೆ ಅಧ್ಯಾಯವಾಗಿಯೇ ವಿವರಿಸುತ್ತದೆ. ನಮ್ಮ ಮನೆಗಳಲ್ಲಿ ಪಿತ್ತದ ಗಂಧೆ ಎನ್ನುವುದು ಅದನ್ನೇ. ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲಕ್ಕೆ ಸೇರಿದವನೆನ್ನುವ ಜೈನ ವೈದ್ಯ ಉಗ್ರಾದಿತ್ಯನ 'ಕಲ್ಯಾಣಕಾರಕ'ದ ಕೊನೆಗೆ ಹಿತಾಹಿತಾಧ್ಯಾಯ ಎಂಬ ಭಾಗವಿದೆ. ನೃಪತುಂಗನ ಸಭೆಯಲ್ಲಿ ಮಾಂಸಾಹಾರ ಹಿತವಲ್ಲವೆಂದು ವಾದಿಸಿದ ಉಪನ್ಯಾಸ ಅದು ಎಂದು ಗ್ರಂಥವೇ ಹೇಳಿಕೊಳ್ಳುತ್ತದೆ. ಅದರ ತೀರ್ಮಾನವನ್ನು ಒಪ್ಪುವುದು ಬಿಡುವುದು ಬೇರೆ. ಯಾವ ವಸ್ತು ಮೈಗೆ ಹಿತ, ಯಾವುದು ಅಹಿತ ಎಂಬ ಚರ್ಚೆ ಇಂದಿನ ಸೇಡಂ ತಾಲ್ಲೂಕಿನ ನೆಲದಲ್ಲಿ ಸಾವಿರ ವರ್ಷಗಳ ಹಿಂದೆಯೇ ರಾಜಸಭೆಯ ವಿಷಯವಾಗಿತ್ತು ಎಂಬುದು ಗಮನಿಸತಕ್ಕದ್ದು. ಅಹಿತ ವಸ್ತುಗಳ ಈ ಚಿಂತನೆಯ ಸಾಲಿನಲ್ಲೇ 14ನೆಯ ಶತಮಾನದಲ್ಲಿ ಮಂಗರಾಜ ವಿಷವೈದ್ಯವನ್ನೇ ವಸ್ತುವಾಗಿಟ್ಟುಕೊಂಡು 'ಖಗೇಂದ್ರಮಣಿದರ್ಪಣ'ವನ್ನು ಕನ್ನಡದಲ್ಲೇ ಬರೆದ.

ಇವೆಲ್ಲಕ್ಕಿಂತ ನನ್ನ ವಾದಕ್ಕೆ ಮುಖ್ಯವಾದದ್ದು ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯ, ಜನಪದೋಧ್ವಂಸ. ಅಲ್ಲಿ ಅಗ್ನಿವೇಶ ಗುರು ಆತ್ರೇಯನನ್ನು ಕೇಳುತ್ತಾನೆ: ಜನರ ಪ್ರಕೃತಿ ಬೇರೆ, ಆಹಾರ ಬೇರೆ, ಬಲ ಬೇರೆ, ಸಾತ್ಮ್ಯ ಬೇರೆ, ವಯಸ್ಸು ಬೇರೆ; ಹಾಗಿದ್ದೂ ಒಂದೇ ರೋಗ ಒಂದೇ ಕಾಲಕ್ಕೆ ಒಂದು ನಾಡನ್ನೇ ಹೇಗೆ ಕೆಡಿಸುತ್ತದೆ? ಆತ್ರೇಯನ ಉತ್ತರ ನೇರವಾಗಿದೆ. ಇವೆಲ್ಲ ಬೇರೆಯಾಗಿದ್ದರೂ ಎಲ್ಲರಿಗೂ ಸಮಾನವಾದ ನಾಲ್ಕು ಸಂಗತಿಗಳಿವೆ: ಗಾಳಿ, ನೀರು, ದೇಶ, ಕಾಲ. ಅವು ಕೆಟ್ಟರೆ ಪ್ರಕೃತಿಭೇದ ಯಾರನ್ನೂ ಕಾಯುವುದಿಲ್ಲ. ಆ ಅಧ್ಯಾಯ ಸಾಂಕ್ರಾಮಿಕ ಪಿಡುಗುಗಳನ್ನು ಕುರಿತದ್ದು, ಅಲರ್ಜಿಯನ್ನು ಕುರಿತದ್ದಲ್ಲ ಎಂದು ಯಾರಾದರೂ ತಡೆಯಬಹುದು. ನಿಜ. ಅಲ್ಲಿನ ರೋಗಗಳನ್ನು ನಾನು ಅಲರ್ಜಿ ಎಂದು ತಿರುಚುತ್ತಿಲ್ಲ; ಅಲ್ಲಿನ ಪ್ರಶ್ನೆಯ ರೀತಿಯನ್ನಷ್ಟೇ ಎರವಲು ಪಡೆಯುತ್ತಿದ್ದೇನೆ. ಒಬ್ಬನ ಮೈಯನ್ನು ಪರೀಕ್ಷಿಸುವ ಶಾಸ್ತ್ರವೇ, ಮೈಯ ಪರೀಕ್ಷೆ ಸಾಲದ ಸಂದರ್ಭಗಳಿವೆ ಎಂದು ಒಪ್ಪಿ ನೆಲ, ಗಾಳಿಗಳ ಕಡೆ ತಿರುಗಿತು. ಸಾತ್ಮ್ಯವನ್ನು ನೆನೆಯುವವರು ಈ ಅಧ್ಯಾಯವನ್ನು ಮರೆಯುವುದೇ ಹೆಚ್ಚು.

ಹಳಬರು ವಸ್ತುವಿನ ಕಡೆಗೂ ತಿರುಗುತ್ತಿದ್ದರು ಎನ್ನುವುದಕ್ಕೆ ಕೇರುಬೀಜಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಸಂಸ್ಕೃತದ ಭಲ್ಲಾತಕ ಇದೇ. ಅದರ ಸಿಪ್ಪೆಯೊಳಗಿನ ಕರಿಯ ಎಣ್ಣೆಯಿಂದ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಅಳಿಯದ ಗುರುತು. ಆ ಎಣ್ಣೆ ತಾಗಿದರೆ ಮೈ ಕೆಂಪಾಗಿ, ಊದಿ, ನೀರುಗುಳ್ಳೆ ಎದ್ದು, ಮುಟ್ಟದ ಜಾಗಕ್ಕೂ ತುರಿ ಹಬ್ಬುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಭಾರತಕ್ಕೆ ಬಂದ ಅಮೆರಿಕದ ಸೈನಿಕರ ಕುತ್ತಿಗೆಯ ಹಿಂಭಾಗದಲ್ಲಿ, ಅಂಗಿಯ ಗುರುತು ತಾಗುವ ಸರಿಯಾದ ಜಾಗದಲ್ಲೇ ಗುಳ್ಳೆಗಳೆದ್ದವು. ಸೇನೆಯ ವೈದ್ಯರು 1943ರಲ್ಲಿ ಅದನ್ನು ದಾಖಲಿಸಿದರು. ಅಮೆರಿಕದಲ್ಲಿ ಅದೇ ಸಸ್ಯ ಕುಟುಂಬದ ಪಾಯ್ಸನ್ ಐವಿ ಎಂಬ ಬಳ್ಳಿಗೆ ಮೊದಲೇ ಮೈ ಒಡ್ಡಿದವರಿಗೆ ಕೇರಿನ ಎಣ್ಣೆಯೂ ಒಗ್ಗಲಿಲ್ಲ. ನಮ್ಮ ವೈದ್ಯರಿಗೆ ಇದು ಶತಮಾನಗಳಿಂದ ಗೊತ್ತಿದ್ದ ಗುಣ. ಅವರು ಏನು ಮಾಡಿದರು? ಒಗ್ಗದವರಿಗೆ ಇದನ್ನು ಕೊಡಬೇಡಿ ಎಂದರು, ಹೌದು. ಆದರೆ ಅಷ್ಟಕ್ಕೇ ನಿಲ್ಲದೆ ಬೀಜವನ್ನೇ ಶುದ್ಧಿ ಮಾಡುವ ಕ್ರಮ ಕಂಡುಕೊಂಡರು. ತೊಟ್ಟು ಕತ್ತರಿಸಿ, ಇಟ್ಟಿಗೆಯ ಪುಡಿಯಲ್ಲಿ ಹಾಕಿ ತಿಕ್ಕಿ ತಿಕ್ಕಿ, ಪುಡಿ ಎಣ್ಣೆಯನ್ನು ಹೀರಿಕೊಂಡ ಮೇಲೆ ಬಿಸಿನೀರಿನಲ್ಲಿ ತೊಳೆಯುವುದು. ಉರಿಸುವ ಅಂಶವನ್ನು ವಸ್ತುವಿನಿಂದಲೇ ತೆಗೆಯುವ ಈ ಬುದ್ಧಿವಂತಿಕೆ ಮುಂದೆ ಸಿಮೆಂಟಿನ ವಿಚಾರದಲ್ಲಿ ಮತ್ತೆ ಎದುರಾಗುತ್ತದೆ.

ಯುರೋಪಿನಲ್ಲಿ ಕತೆ ಬೇರೆ ದಾರಿ ಹಿಡಿಯಿತು. 1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೋಸ್ಟಾಕ್ ಬೇಸಿಗೆ ಬಂದರೆ ತನಗೇ ಕಾಡುತ್ತಿದ್ದ ಕಣ್ಣುರಿ, ಸೀನು, ಉಬ್ಬಸಗಳನ್ನು ವರದಿ ಮಾಡಿದ. 1873ರಲ್ಲಿ ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲೆ ಹುಲ್ಲಿನ ಪರಾಗವನ್ನು ತನ್ನ ಮೂಗಿಗೂ ಗೀರಿದ ಚರ್ಮಕ್ಕೂ ತಾಗಿಸಿಕೊಂಡು ಅದೇ ಕಾರಣವೆಂದು ತೋರಿಸಿದ. 1902ರಲ್ಲಿ ಷಾರ್ಲ್ ರಿಷೆ, ಪಾಲ್ ಪೋರ್ತಿಯೆ ನಾಯಿಗಳಿಗೆ ಕಡಲ ಜೀವಿಯ ವಿಷವನ್ನು ಅಲ್ಪ ಪ್ರಮಾಣದಲ್ಲಿ ಚುಚ್ಚಿ, ಕೆಲವು ವಾರ ಬಿಟ್ಟು ಮತ್ತೆ ಚುಚ್ಚಿದಾಗ, ಮೊದಲು ತಡೆದುಕೊಂಡಿದ್ದ ನಾಯಿ ನಿಮಿಷಗಳಲ್ಲಿ ಸತ್ತಿತು. ಅನಾಫಿಲ್ಯಾಕ್ಸಿಸ್ ಎಂಬ ಈ ಶೋಧಕ್ಕೆ ರಿಷೆಗೆ 1913ರ ನೊಬೆಲ್ ಬಂತು. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಇವೆಲ್ಲವನ್ನೂ ಒಂದೇ ಸೂರಿನಡಿ ತಂದು ಅಲರ್ಜಿ ಎಂದು ಕರೆದ. ಪಿರ್ಕೆಯ ಮಾತಿನ ತಿರುಳನ್ನು ಇಲ್ಲಿ ಒತ್ತಿ ಹೇಳಬೇಕು. ಕುದುರೆಯ ಸೀರಂ ಚುಚ್ಚಿಸಿಕೊಂಡ ಮಕ್ಕಳಿಗೆ ಮೊದಲ ಸಲ ಜ್ವರ, ಗಂಧೆ ಬರಲು ಎಷ್ಟೋ ದಿನ ಹಿಡಿಯುತ್ತಿತ್ತು; ಎರಡನೆಯ ಸಲ ತಕ್ಷಣ ಬರುತ್ತಿತ್ತು. ಅಂದರೆ ಹೊರಗಿನ ವಸ್ತುವಿನೊಡನೆ ಮೊದಲೊಮ್ಮೆ ಆದ ಸಂಪರ್ಕ ಮೈಯ ನಡತೆಯನ್ನು ಬದಲಿಸಿತ್ತು. ಅಲರ್ಜಿ ಹುಟ್ಟಿನಿಂದ ಸಿದ್ಧವಾಗಿ ಬರುವುದಿಲ್ಲ. ವಸ್ತು ಎದುರಾಗದೆ ಅದು ಉಂಟಾಗುವುದಿಲ್ಲ. ಪಿರ್ಕೆಯ ಈ ಮೂಲ ತತ್ತ್ವದಲ್ಲೇ 'ಎಲ್ಲಿ, ಯಾವುದರೊಡನೆ, ಎಷ್ಟು ಕಾಲ' ಎಂಬ ಪ್ರಶ್ನೆ ಅಡಗಿತ್ತು.

ಆದರೆ ಮುಂದಿನ ಅರವತ್ತು ವರ್ಷಗಳ ಕೀರ್ತಿಯೆಲ್ಲ ಮೈಯೊಳಗಿನ ಹುಡುಕಾಟಕ್ಕೆ ಸಂದಿತು. 1921ರಲ್ಲಿ ಕಾರ್ಲ್ ಪ್ರೌಸ್ನಿಟ್ಸ್, ಮೀನು ಒಗ್ಗದ ಸಹೋದ್ಯೋಗಿ ಕುಸ್ಟ್ನರನ ರಕ್ತಸಾರವನ್ನು ತನ್ನ ಚರ್ಮಕ್ಕೆ ಚುಚ್ಚಿಕೊಂಡು ಆ ಗುಣ ರಕ್ತದಲ್ಲಿದೆ ಎಂದು ತೋರಿಸಿದ. ಅದು ಯಾವ ವಸ್ತುವೆಂದು ತಿಳಿಯಲು 1960ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಅಮೆರಿಕದಲ್ಲಿ ಇಷಿಜಾಕಾ ದಂಪತಿ, ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಕ್ ಬೇರೆ ಬೇರೆಯಾಗಿ ಕಂಡುಹಿಡಿದ ಪ್ರತಿಕಾಯಕ್ಕೆ 1968ರಲ್ಲಿ ಐಜಿಇ ಎಂಬ ಹೆಸರು ನಿಂತಿತು. ಮೈಯೊಳಗಿನ ಹುಡುಕಾಟದಿಂದ ಒಟ್ಟಾರೆ ಆದ ಉಪಕಾರ ಅಪಾರ. ಇಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಸಿಗುವ ಅಲರ್ಜಿ ಗುಳಿಗೆ, ದಮ್ಮಿನ ಇನ್‌ಹೇಲರ್, ಪ್ರಾಣ ಉಳಿಸುವ ಅಡ್ರಿನಲಿನ್ ಚುಚ್ಚುಮದ್ದು, ಇವುಗಳನ್ನು ಹಗುರವಾಗಿ ನೋಡುವವನು ನಾನಲ್ಲ. ನನ್ನ ತಕರಾರು ಈ ಶೋಧಗಳ ಬೆನ್ನಿಗೆ ಗಟ್ಟಿಯಾದ ಒಂದು ಭಾವನೆಯ ಬಗ್ಗೆ ಮಾತ್ರ: ರೋಗ ಇವನ ರಕ್ತದಲ್ಲಿದೆ, ಆದ್ದರಿಂದ ಮದ್ದು ನುಂಗಬೇಕಾದವನೂ ಇವನೇ, ಕಸುಬು ಬಿಡಬೇಕಾದವನೂ ಇವನೇ.

ಇದೇ ಕಾಲದಲ್ಲಿ ಅಷ್ಟು ಸದ್ದಿಲ್ಲದೆ ಇನ್ನೊಂದು ಕವಲು ಬೆಳೆಯುತ್ತಿತ್ತು. ಅದರ ಮೊಳಕೆ ಇನ್ನೂ ಹಿಂದಿನದು. 1895ರಲ್ಲಿ ಯೋಸೆಫ್ ಯಾಡಾಸೋನ್, ಪಾದರಸದ ಮುಲಾಮು ಹಚ್ಚಿ ಮೈ ಕೆರಳಿದ ರೋಗಿಗಳ ಚರ್ಮಕ್ಕೆ ಅದೇ ವಸ್ತುವನ್ನು ಚಿಕ್ಕ ಪಟ್ಟಿಯಲ್ಲಿಟ್ಟು ಅಂಟಿಸಿ ಪರೀಕ್ಷಿಸಿದ. ಪ್ಯಾಚ್ ಪರೀಕ್ಷೆ ಹುಟ್ಟಿದ್ದು ಹೀಗೆ. 1942ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಚೇಸ್, ಈ ಬಗೆಯ ಅಲರ್ಜಿ ರಕ್ತಸಾರದಿಂದ ಹರಡುವುದಿಲ್ಲ, ಬಿಳಿ ರಕ್ತಕಣಗಳಿಂದ ಹರಡುತ್ತದೆ ಎಂದು ತೋರಿಸಿ, ಇದು ಬೇರೆಯದೇ ಯಂತ್ರವೆಂದು ಖಚಿತಪಡಿಸಿದರು. ಇದು ನಿಮಿಷಗಳಲ್ಲಿ ಸಿಡಿಯುವುದಿಲ್ಲ, ಎರಡು ಮೂರು ದಿನ ತೆಗೆದುಕೊಳ್ಳುತ್ತದೆ. 1950ರಲ್ಲಿ ಸ್ವಿಟ್ಜರ್ಲೆಂಡಿನ ಯೇಗರ್ ಮತ್ತು ಪೆಲ್ಲೋನಿ, ಸಿಮೆಂಟಿನಿಂದ ಕೈ ಕೆಟ್ಟ ಕೆಲಸಗಾರರಲ್ಲಿ ಬಹುಪಾಲು ಮಂದಿ ಕ್ರೋಮಿಯಂ ಲವಣಕ್ಕೆ ಅಲರ್ಜಿ ಉಳ್ಳವರೆಂದು ತೋರಿಸಿದರು. ಕಾಗಿಣಾ ಸೀಮೆಗೆ ಬಹಳ ಹತ್ತಿರದ ಶೋಧ ಇದು.

ಏಕೆಂದರೆ ಈ ಸೀಮೆಯ ಕಸುಬೇ ಸುಣ್ಣಕಲ್ಲಿನದು. ಭೀಮಾ ಜಲಾನಯನದ ಪದರು ಪದರಾದ ಕಲ್ಲು ಇಲ್ಲಿ ಫರಸಿಯೂ ಆಯಿತು, ಸಿಮೆಂಟೂ ಆಯಿತು. ಶಹಾಬಾದಿನ ಕಾರ್ಖಾನೆ ನಿಜಾಮರ ಆಳ್ವಿಕೆಯಲ್ಲೇ ಹೊಗೆ ಕಂಡದ್ದು, ವಾಡಿಯದು 1968ರದು, ಅನಂತರ ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿಗಳಿಗೂ ಗೂಡುಗಳು ಬಂದವು. ಆ ಗೂಡಿನೊಳಗೆ ಏನಾಗುತ್ತದೆ ಎಂದು ಹತ್ತಿರದಿಂದ ನೋಡುವುದು ಅಗತ್ಯ. ಕಲ್ಲು, ಮಣ್ಣುಗಳಲ್ಲಿ ಅತ್ಯಲ್ಪ ಕ್ರೋಮಿಯಂ ಸಹಜವಾಗಿಯೇ ಇರುತ್ತದೆ, ಆದರೆ ಮೂರು ವೇಲೆನ್ಸಿಯ ರೂಪದಲ್ಲಿ. ಅದು ನೀರಿಗೆ ಬಿಡುವುದಿಲ್ಲ, ಚರ್ಮದೊಳಗೆ ಸುಲಭವಾಗಿ ಇಳಿಯುವುದೂ ಇಲ್ಲ. ಸುಮಾರು 1,450 ಡಿಗ್ರಿ ಶಾಖದಲ್ಲಿ, ಕ್ಷಾರ ಮತ್ತು ಆಮ್ಲಜನಕದ ನಡುವೆ ಕಲ್ಲುಮಣ್ಣನ್ನು ಸುಟ್ಟು ಸಿಮೆಂಟಿನ ಗಟ್ಟಿ, ಅಂದರೆ ಕ್ಲಿಂಕರ್, ಮಾಡುವಾಗ ಅದರಲ್ಲೊಂದು ಪಾಲು ಆರು ವೇಲೆನ್ಸಿಯ ಕ್ರೋಮೇಟ್ ಆಗಿ ಮಾರ್ಪಡುತ್ತದೆ. ಸಿಮೆಂಟಿಗೆ ನೀರು ಬೆರೆತ ಕೂಡಲೇ ಈ ಕ್ರೋಮೇಟ್ ಕರಗಿ ಹೊರಬರುತ್ತದೆ. ಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಫರಸಿ ನಿರಪರಾಧಿ. ಅದೇ ಕಲ್ಲು ಸುಟ್ಟು ಪುಡಿಯಾಗಿ ಗಾರೆಯ ಬುಟ್ಟಿಗೆ ಬಂದಾಗ ಅಲರ್ಜಿಕಾರಕ. ಹಸಿ ಸಿಮೆಂಟಿನ ತೀವ್ರ ಕ್ಷಾರ ಚರ್ಮದ ಮೇಲ್ಪದರನ್ನು ತಿನ್ನುತ್ತದೆ, ಮರಳು ಉಜ್ಜುತ್ತದೆ, ಬಿರಿದ ಸಂದಿನಲ್ಲಿ ಕ್ರೋಮೇಟ್ ಇಳಿಯುತ್ತದೆ. ವರ್ಷಗಟ್ಟಲೆ ಏನೂ ಆಗದೆ ದುಡಿದ ಗೌಂಡಿಗೆ ಒಂದು ದಿನ ಬೆರಳಸಂದು, ಮಣಿಕಟ್ಟು, ಅಂಗೈ ಹಿಂಭಾಗದಲ್ಲಿ ತಿಂಡಿ ಹತ್ತಿ ನೀರು ಒಸರತೊಡಗುತ್ತದೆ. ಆಮೇಲೆ ಕಸುಬು ಬಿಟ್ಟರೂ ಅದು ಸುಲಭವಾಗಿ ಬಿಡುವುದಿಲ್ಲ, ಏಕೆಂದರೆ ಕ್ರೋಮ್‌ನಲ್ಲಿ ಹದ ಮಾಡಿದ ಚರ್ಮದ ಚಪ್ಪಲಿಯೂ ಅವನ ಕಾಲಿಗೆ ಅದೇ ವಸ್ತುವನ್ನು ತಾಗಿಸುತ್ತಿರುತ್ತದೆ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ಸಿಮೆಂಟಿನಿಂದ ಆಗುವುದೆಲ್ಲ ಅಲರ್ಜಿಯಲ್ಲ. ಬಹಳಷ್ಟು ಬರಿಯ ಕ್ಷಾರದ ಸುಡುವಿಕೆ. ಗಣಿ, ಗೂಡುಗಳ ಧೂಳಿನಿಂದ ಬರುವ ಕೆಮ್ಮು ಕಫವೂ ಹೆಚ್ಚಾಗಿ ಶ್ವಾಸನಾಳ ಕೆರಳುವುದರಿಂದ ಬಂದದ್ದು. ಸಿಲಿಕಾ ಧೂಳಿನ ಹಾನಿ ಇನ್ನೂ ಬೇರೆ. ಎಲ್ಲವನ್ನೂ ಅಲರ್ಜಿ ಎಂದರೆ ವಿಜ್ಞಾನಕ್ಕೆ ಅಪಚಾರ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಮತ್ತು ಅದು ನನ್ನ ವಾದವನ್ನು ಗಟ್ಟಿ ಮಾಡುತ್ತದೆ ಎಂದೇ ನಂಬುತ್ತೇನೆ. ಇಂದು ಧೂಳಿನ ಎಲ್ಲ ಹಾನಿಗೂ 'ಅಲರ್ಜಿ' ಎಂಬ ಚೀಟಿ ಬರೆದು ಗುಳಿಗೆ ಕೊಟ್ಟು ಕಳಿಸುವುದು ಸುಲಭವಾಗಿದೆ. ಆ ಚೀಟಿ ಧೂಳನ್ನು ಬಿಟ್ಟು ರೋಗಿಯ ಮೈಯ ಕಡೆ ಬೊಟ್ಟು ಮಾಡುತ್ತದೆ. ಚರ್ಮದ ಮಟ್ಟಿಗೆ ಅಲರ್ಜಿಯನ್ನು ಬರಿಯ ಸುಡುವಿಕೆಯಿಂದ ಬೇರ್ಪಡಿಸುವ ಸಾಧನವೂ ಇದೆ. ಭಾರತದ ಚರ್ಮವೈದ್ಯರು ಬಳಸುವ ಪ್ರಮಾಣಿತ ಪ್ಯಾಚ್ ಸರಣಿಯಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಒಂದು ಗುಂಡಿಯಲ್ಲಿರುತ್ತದೆ, ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಸ, ಇನ್ನೊಂದರಲ್ಲಿ. ಬೆನ್ನಿಗೆ ಅಂಟಿಸಿ, ಎರಡು ದಿನ ಒದ್ದೆಯಾಗದಂತೆ ಕಾಯ್ದು, ತೆಗೆದು ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ನೋಡಿದರೆ ಯಾವ ವಸ್ತು ಕೆರಳಿಸಿತು ಎಂದು ಗೊತ್ತಾಗುತ್ತದೆ. ಈ ಸೀಮೆಯ ಎರಡು ದೊಡ್ಡ ಕಾಟಗಳು ಆ ಒಂದೇ ಪಟ್ಟಿಯಲ್ಲಿವೆ.

ಎರಡನೆಯದು, ಪಾರ್ಥೇನಿಯಂ, ಅಮೆರಿಕ ಖಂಡದ ಗಿಡ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗುರುತಿಗೆ ಬಂತು. ಆಮದು ಗೋಧಿಯ ಜೊತೆ ಬೀಜ ಬಂದಿತೆಂಬುದು ಪ್ರಚಲಿತ ವಿವರಣೆ. ಮುಂದಿನ ವರ್ಷಗಳಲ್ಲಿ ಪುಣೆಯ ಸುತ್ತಣ ರೈತರಲ್ಲಿ ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳ ಚರ್ಮ ದಪ್ಪಗಟ್ಟಿ ಕಪ್ಪಾಗುವ ರೋಗ ಕಾಣಿಸಿಕೊಂಡಿತು. ಗಿಡದ ರೋಮಗಳಲ್ಲಿರುವ ಪಾರ್ಥೇನಿನ್ ಒಣಗಿ ಪುಡಿಯಾದ ಚೂರುಗಳ ಜೊತೆ ಗಾಳಿಯಲ್ಲಿ ಹಾರುವುದರಿಂದ ಕಳೆ ಮುಟ್ಟದವನಿಗೂ ತಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು ಇದರ ಪರಾಗ ಮೂಗಿನ ಅಲರ್ಜಿಗೂ ಕಾರಣವೆಂದು ತೋರಿಸಿದರು. ಒಂದೇ ಗಿಡ ಅಲರ್ಜಿಯ ಎರಡು ಯಂತ್ರಗಳನ್ನೂ ಚಾಲೂ ಮಾಡುತ್ತದೆ. ಕಳೆ ತಾನಾಗಿ ಬೆಳೆಯಿತು, ಅದಕ್ಕೆ ಯಾರು ಹೊಣೆ ಎನ್ನುವವರು ಅದು ಎಲ್ಲಿ ಬೆಳೆಯುತ್ತದೆ ಎಂದು ನೋಡಬೇಕು. ಕೆದಕಿ ಬಿಟ್ಟ ನೆಲ ಅದರ ತವರು: ರೈಲು ಹಳಿಯ ಬದಿ, ರಸ್ತೆಯ ಅಂಚು, ಗಣಿಯ ಮಣ್ಣಿನ ಗುಡ್ಡೆ, ಬೀಳು ಹೊಲ. ಕರ್ನಾಟಕ ಸರ್ಕಾರ ಇದನ್ನು ಪೀಡೆ ಕಳೆಯೆಂದು ಘೋಷಿಸಿ ದಶಕಗಳೇ ಕಳೆದಿವೆ. 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ಜೈಗೊಗ್ರಾಮಾ ದುಂಬಿಯನ್ನು ಬಿಟ್ಟದ್ದೂ ಆಯಿತು. ದುಂಬಿ ಮಳೆಗಾಲದಲ್ಲಿ ಎಲೆ ತಿನ್ನುತ್ತದೆ, ಒಣಕಾಲದಲ್ಲಿ ಮಣ್ಣಿನಡಿ ಸೇರುತ್ತದೆ. ಕಲಬುರಗಿಯಂಥ ಒಣನಾಡಿನಲ್ಲಿ ಅದೊಂದನ್ನೇ ನಂಬಿ ಕೂರಲಾಗದು. ಹೂ ಬಿಡುವ ಮುನ್ನವೇ ಕೀಳಬೇಕು, ಕೀಳುವವರ ಕೈ ಮುಖ ಮುಚ್ಚಿರಬೇಕು. ಊರಿನ ನೆಲ ಚೊಕ್ಕ ಮಾಡುವ ಕೂಲಿಯನ್ನು ಬರಿಗೈಯ ಬಡವರಿಗೆ ಒಪ್ಪಿಸಿ, ಅವರಿಗೇ ರೋಗ ಅಂಟಿಸುವುದು ಅನ್ಯಾಯ.

ಇನ್ನೊಂದು ಆಕ್ಷೇಪ ಹೆಚ್ಚು ಆಧುನಿಕವಾದದ್ದು. 1989ರಲ್ಲಿ ಡೇವಿಡ್ ಸ್ಟ್ರಾಚನ್, ಅಣ್ಣ ಅಕ್ಕಂದಿರು ಹೆಚ್ಚಿರುವ ಮನೆಯ ಮಕ್ಕಳಲ್ಲಿ ಪರಾಗಜ್ವರ ಕಡಿಮೆ ಎಂದು ತೋರಿಸಿ, ಬಾಲ್ಯದ ಸೋಂಕುಗಳೇ ಕಾಪಾಡುತ್ತವೇನೋ ಎಂದು ಸೂಚಿಸಿದ. ದನಕರುಗಳ ನಡುವೆ ಬೆಳೆದ ಮಕ್ಕಳಲ್ಲಿ ದಮ್ಮು ಕಡಿಮೆ ಎಂಬ ಯುರೋಪಿನ ಅಧ್ಯಯನಗಳು ಇದಕ್ಕೆ ಬೆಂಬಲವಾಗಿ ಬಂದವು. ಹಾಗಾದರೆ ಅಲರ್ಜಿ ಶ್ರೀಮಂತ, ಚೊಕ್ಕ ಜೀವನದ ರೋಗವಲ್ಲವೇ, ಧೂಳು ಕುಡಿದು ಬೆಳೆದ ಸೇಡಂ, ಚಿಂಚೋಳಿಯ ಮಕ್ಕಳಿಗೆ ಅದು ರಕ್ಷೆಯಲ್ಲವೇ? ಈ ತರ್ಕ ಎರಡು ಕಡೆ ಜಾರುತ್ತದೆ. ಕಾಯುತ್ತದೆ ಎನ್ನಲಾದ ಧೂಳು ಕೊಟ್ಟಿಗೆಯದು, ಸೂಕ್ಷ್ಮಜೀವಿಗಳಿಂದ ತುಂಬಿದ್ದು. ಗೂಡಿನ ಧೂಳಿನಲ್ಲಿ ಆ ಜೀವವೇ ಇಲ್ಲ. ಇನ್ನು, ಈ ಅಧ್ಯಯನಗಳು ಹೇಳುವುದು ಐಜಿಇ ಮೂಲದ ಅಲರ್ಜಿಯ ವಿಷಯ. ಕ್ರೋಮೇಟಿನದು, ಪಾರ್ಥೇನಿನ್‌ನದು ಬಿಳಿ ರಕ್ತಕಣಗಳ ಮೂಲಕ ನಡೆಯುವ ಅಲರ್ಜಿ. ಅದು ಎಷ್ಟು ವಸ್ತು, ಎಷ್ಟು ಸಲ, ಎಂಥ ಬಿರಿದ ಚರ್ಮಕ್ಕೆ ತಾಗಿತು ಎಂಬುದರ ಮೇಲೆ ನಿಲ್ಲುತ್ತದೆ. ಬರಿಗೈಯಲ್ಲಿ ದುಡಿಯುವವರಿಗೆ ಇದು ಹೆಚ್ಚು ಬರುತ್ತದೆ.

ಆದರೂ ಒಂದೇ ಬುಟ್ಟಿಯ ಗಾರೆ ಕಲಸಿದವರಲ್ಲಿ ಎಲ್ಲರ ಕೈಯೂ ಕೆಡುವುದಿಲ್ಲವಲ್ಲ ಎಂದು ಕೇಳಬಹುದು. ಹೌದು, ವಂಶಗುಣಕ್ಕೆ ಪಾಲಿದೆ. ಆದರೆ ವಂಶಗುಣವನ್ನು ಬದಲಿಸಲಾಗದು, ಸಿಮೆಂಟನ್ನು ಬದಲಿಸಬಹುದು. ಇದಕ್ಕೆ ಡೆನ್ಮಾರ್ಕ್ ಸಾಕ್ಷಿ. 1981ರಿಂದ ಅಲ್ಲಿ ಸಿಮೆಂಟಿಗೆ ಅಲ್ಪ ಪ್ರಮಾಣದ ಫೆರಸ್ ಸಲ್ಫೇಟ್ ಬೆರೆಸತೊಡಗಿದರು. ನೀರು ತಾಗಿದಾಗ ಅದು ಆರು ವೇಲೆನ್ಸಿಯ ಕ್ರೋಮೇಟನ್ನು ಮತ್ತೆ ಮೂರು ವೇಲೆನ್ಸಿಗೆ ಇಳಿಸುತ್ತದೆ. ಕರಗುವ ಕ್ರೋಮೇಟ್ ಹತ್ತು ಲಕ್ಷಕ್ಕೆ ಎರಡು ಭಾಗ ಮೀರಬಾರದೆಂದು 1983ರಲ್ಲಿ ಕಾನೂನಾಯಿತು. 2005ರಿಂದ ಯುರೋಪಿಯನ್ ಒಕ್ಕೂಟವೆಲ್ಲ ಅದನ್ನು ಪಾಲಿಸಿತು. 1987ರಲ್ಲಿ ಡೆನ್ಮಾರ್ಕಿನ ಕಾಂಕ್ರೀಟ್ ಕೆಲಸಗಾರರನ್ನು ಮತ್ತೆ ಪರೀಕ್ಷಿಸಿದಾಗ ಕ್ರೋಮೇಟ್ ಅಲರ್ಜಿ ತೀವ್ರವಾಗಿ ಇಳಿದಿತ್ತು. ಕ್ಷಾರದಿಂದ ಸುಡುವ ಬಗೆ ಮಾತ್ರ ಇದ್ದಷ್ಟೇ ಇತ್ತು. ಕೆಲಸಗಾರರ ವಂಶಗುಣ ಆರು ವರ್ಷಗಳಲ್ಲಿ ಬದಲಾಗಿರಲಿಲ್ಲ, ಚೀಲದೊಳಗಿನ ಪುಡಿ ಬದಲಾಗಿತ್ತು. ಫೆರಸ್ ಸಲ್ಫೇಟ್ ಎಂದರೆ ನಮ್ಮ ರೈತರಿಗೆ ಪರಿಚಿತವಾದ ಅನ್ನಭೇದಿ. ಸುಣ್ಣದ ಭೂಮಿಯಲ್ಲಿ ಬೆಳೆ ಹಳದಿಯಾದರೆ ಕಬ್ಬಿಣಕ್ಕಾಗಿ ಸಿಂಪಡಿಸುವುದು ಅದನ್ನೇ. ಕೇರುಬೀಜಕ್ಕೆ ಇಟ್ಟಿಗೆ ಪುಡಿ ಹಾಕಿ ತಿಕ್ಕಿದ ವೈದ್ಯನೂ ಸಿಮೆಂಟಿಗೆ ಅನ್ನಭೇದಿ ಬೆರೆಸಿದ ರಸಾಯನಜ್ಞನೂ ಒಂದೇ ಕೆಲಸ ಮಾಡಿದ್ದಾರೆ.

ಇಂಥ ಬೇಡಿಕೆಗಳಿಂದ ಕಾರ್ಖಾನೆಗಳು ಮುಚ್ಚಿ ಅನ್ನ ಹೋದೀತು ಎಂಬ ಭಯ ಈ ಸೀಮೆಯಲ್ಲಿ ಸಹಜ. ತೊಗರಿ ಕೈಕೊಟ್ಟ ವರ್ಷ ಎಷ್ಟೋ ಮನೆಗಳನ್ನು ನಡೆಸುವುದು ಅಲ್ಲಿನ ಕೂಲಿಯೇ. ಡೆನ್ಮಾರ್ಕಿನಲ್ಲಿ ಸಿಮೆಂಟ್ ಉದ್ಯಮ ಇದರಿಂದ ನಿಲ್ಲಲಿಲ್ಲ. ಅನ್ನಭೇದಿ ಉಕ್ಕು ಮತ್ತು ಬಣ್ಣದ ಕಾರ್ಖಾನೆಗಳ ಉಪ ಉತ್ಪನ್ನ, ದುಬಾರಿ ವಸ್ತುವಲ್ಲ. ಅದರ ಗುಣ ಚೀಲದಲ್ಲಿ ತಿಂಗಳು ಕಳೆದಂತೆ ಕುಗ್ಗುವುದರಿಂದ ತಯಾರಿಸಿದ ದಿನ ಮುಖ್ಯ. ನಮ್ಮ ಚೀಲಗಳ ಮೇಲೆ ತಯಾರಾದ ವಾರ, ವರ್ಷ ಈಗಾಗಲೇ ಅಚ್ಚಾಗುತ್ತಿದೆ, ಅದರ ಪಕ್ಕದಲ್ಲಿ ಕರಗುವ ಕ್ರೋಮೇಟಿನ ಪ್ರಮಾಣವೂ ಅಚ್ಚಾಗಲಿ. 1948ರ ಕಾರ್ಖಾನೆಗಳ ಕಾಯ್ದೆಯ ಮೂರನೆಯ ಅನುಸೂಚಿ, ರಾಸಾಯನಿಕಗಳ ನೇರ ಸಂಪರ್ಕದಿಂದ ಬರುವ ಚರ್ಮರೋಗವನ್ನು ಕೆರಳಿಸುವ ವಸ್ತುಗಳದು, ಅಲರ್ಜಿ ತರುವ ವಸ್ತುಗಳದು ಎಂದು ಎರಡಾಗಿ ವಿಂಗಡಿಸಿ, ವೈದ್ಯರು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿಟ್ಟಿತು. ಆದರೆ ಆ ರಕ್ಷಣೆ ಇದ್ದದ್ದು ಕಾರ್ಖಾನೆಯ ಗೇಟಿನೊಳಗಿನವರಿಗೆ. ಸಿಮೆಂಟು ಒದ್ದೆಯಾಗುವುದು ಗೇಟಿನ ಹೊರಗೆ, ಗೌಂಡಿಯ ಕೈಯಲ್ಲಿ, ಬುಟ್ಟಿ ಹೊರುವ ಹೆಣ್ಣುಮಕ್ಕಳ ತೋಳಿನ ಮೇಲೆ. ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಆದ್ದರಿಂದ ಪ್ಯಾಚ್ ಪರೀಕ್ಷೆ ಕಲಬುರಗಿಯ ದೊಡ್ಡ ಆಸ್ಪತ್ರೆಗಳಿಂದ ಸೇಡಂ, ಚಿತ್ತಾಪುರ, ಚಿಂಚೋಳಿಯ ತಾಲ್ಲೂಕು ಆಸ್ಪತ್ರೆಗಳಿಗೆ ಬರಬೇಕು, ಮತ್ತು ಹೊರರೋಗಿ ಚೀಟಿಯಲ್ಲಿ ವಯಸ್ಸಿನ ಪಕ್ಕಕ್ಕೆ ಇನ್ನೆರಡು ಸಾಲು ಸೇರಬೇಕು: ಏನು ಕಸುಬು, ಯಾವ ವಸ್ತು ಮುಟ್ಟುತ್ತೀರಿ.